ಅಟ್ಟ ಹತ್ತಿದ ಬೆಕ್ಕು

"ಗುರುಗಳೇ, ಬೆಕ್ಕನ್ನು ಬೈದದ್ದಕ್ಕೆ ಪ್ರಾಯಶ್ಚಿತ್ತ ಇದೆಯೇ?" ಎಂದು ಶಿಷ್ಯ ಕೇಳಿದ.

ಅವನು ಮಠದ ಅಡುಗೆಮನೆಯ ಹೊಣೆ ಹೊತ್ತವನು, ನಲವತ್ತು ದಾಟಿದವನು. ಮೂರು ದಿನದ ಹಿಂದೆ ಮಠದ ಬೆಕ್ಕು ಮೊಸರಿನ ಗಡಿಗೆ ಉರುಳಿಸಿತ್ತು. 'ಹಾಳಾಗಿ ಹೋಗು, ಮತ್ತೆ ಮುಖ ತೋರಿಸಬೇಡ' ಎಂದು ಬೈದು ಅದನ್ನು ಹೊರಗೆ ಅಟ್ಟಿದ್ದ. ಬೆಕ್ಕು ಸಂಜೆಗೇ ತಿರುಗಿ ಬಂದಿತ್ತು. ಅವನ ನೆಮ್ಮದಿ ಬಂದಿರಲಿಲ್ಲ. ತನ್ನ ಪಾಲಿನ ಹಾಲನ್ನೆಲ್ಲ ಅದಕ್ಕೇ ಹಾಕುತ್ತಿದ್ದ. ಆದರೂ ಪೂಜೆಗೆ ಕೂತರೆ ಅದು ಕಿವಿ ಮಡಚಿಕೊಂಡು ಓಡಿದ್ದೇ ಕಣ್ಣಿಗೆ ಕಟ್ಟುತ್ತಿತ್ತು.

ಗುರುಗಳು ಹೇಳಿದರು: "ಬೆಕ್ಕನ್ನು ಕೊಂದರೆ ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕು ಅನ್ನುತ್ತಾರೆ. ಬೈದರೆ ಏನು ಕೊಡಬೇಕೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಒಬ್ಬ ನೇಕಾರನ ವಿಷಯ ಕೇಳಿದ್ದೇನೆ. ಹೇಳುತ್ತೇನೆ, ಕೂತುಕೋ."

ಒಂದು ಊರಿನ ನೇಕಾರರ ಕೇರಿಯಲ್ಲಿ ಒಬ್ಬ ನೇಕಾರನಿದ್ದ. ಮನೆಯಲ್ಲಿ ಅವನು, ಅವನ ಹೆಂಡತಿ, ಒಂದು ಬೆಕ್ಕು. ಗಂಜಿ ಹಾಕಿದ ನೂಲೆಂದರೆ ಇಲಿಗೆ ಹಬ್ಬದೂಟ. ಹಾಗಾಗಿ ಬೆಕ್ಕಿಲ್ಲದ ಮನೆಯೇ ಆ ಕೇರಿಯಲ್ಲಿರಲಿಲ್ಲ.

ಮಗ್ಗದ ಮೇಲಿನ ಹಾಸು, ಅಂದರೆ ಉದ್ದದ ಎಳೆಗಳು, ಮುಗಿಯುತ್ತ ಬಂದಾಗ ಅವರು ಹೊಸದನ್ನು ಮೊದಲಿನಿಂದ ಹೂಡುವುದಿಲ್ಲ. ಹಳೆಯ ಹಾಸಿನ ಒಂದೊಂದು ಎಳೆಯ ತುದಿಗೆ ಹೊಸ ಹಾಸಿನ ಒಂದೊಂದು ಎಳೆಯನ್ನು ಸೇರಿಸಿ ಹೊಸೆಯುತ್ತಾರೆ. ಅದಕ್ಕೆ ಕೆಚ್ಚುವುದು ಎಂದು ಹೆಸರು. ಬೆರಳಿಗೆ ಬೂದಿ ಹಚ್ಚಿಕೊಂಡು ಮಾಡುವ ಕೆಲಸ. ಎಳೆಗಳು ಎರಡು ಸಾವಿರಕ್ಕೂ ಮೇಲೆ. ಆ ಮನೆಯಲ್ಲಿ ಅದು ಹೆಂಡತಿಯ ಪಾಲಿನದು. ಎರಡು ದಿನ ಬೆನ್ನು ಬಗ್ಗಿಸಿ ಕೂತು, ಯಾರೊಡನೆಯೂ ಮಾತಾಡದೆ, ಅವಳು ಹಾಸನ್ನು ಕೆಚ್ಚಿ ಕೊಟ್ಟಳು.

ಮೂರನೆಯ ದಿನ ನೇಕಾರ ಮಗ್ಗದ ಗುಣಿಯಲ್ಲಿ ಕಾಲಿಳಿಬಿಟ್ಟು ಕೂತ. ಒಣಗಾಳಿಯ ಕಾಲ. ನಾಲ್ಕು ಸಲ ಲಾಳಿ ಓಡಿಸುವುದರಲ್ಲಿ ಒಂದು ಎಳೆ ಹರಿಯಿತು. ಗಂಟು ಹಾಕಿದ. ಇನ್ನೊಂದು ಹರಿಯಿತು. ಮಧ್ಯಾಹ್ನದ ಹೊತ್ತಿಗೆ ನೇಯ್ದದ್ದು ಒಂದು ಗೇಣು, ಹರಿದ ಎಳೆ ನಲವತ್ತು. ಹೆಂಡತಿ ಪಕ್ಕದಲ್ಲೇ ರಾಟೆಯ ಮುಂದೆ ಕೂತು ಅವನ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಅವಳ ಕಡೆ ತಿರುಗಿ, "ನಿನ್ನ ಕೈಯಾಗ ಕಸುವ ಇಲ್ಲ. ಕೆಚ್ಚಿದ್ದೆಲ್ಲಾ ಬಿಡಾಕತ್ತೈತಿ. ನಿಮ್ಮ ತವರಾಗ ಯಾರರ ಮಗ್ಗ ಕಂಡಿದ್ರೇನು?" ಎಂದ.

ಅವಳ ಅಪ್ಪ, ಅಜ್ಜ ಇಬ್ಬರೂ ಮಗ್ಗದ ಮುಂದೆ ಕೂತೇ ಕಣ್ಣು ಕಳೆದುಕೊಂಡವರು. ಅದು ಅವನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಅವಳು ರಾಟೆ ಎತ್ತಿಕೊಂಡು ಹಿತ್ತಲಿಗೆ ಹೋದಳು.

ಬೆಕ್ಕಿನ ಗ್ರಹಚಾರ ನೋಡು. ಅದು ಆಗಲೇ ಉರುಳಿಬಿದ್ದ ಕಂಡಿಕೆಯೊಂದನ್ನು ಕಾಲಲ್ಲಿ ತಳ್ಳುತ್ತ ಮಗ್ಗದ ಕೆಳಗೆ ಬಂತು. ನೇಕಾರ ಬಾಯಿಗೆ ಬಂದಂತೆ ಬೈದ. ಕೂಳಿಗೆ ದಂಡ, ಭೂಮಿಗೆ ಭಾರ ಎಂದ. ಬೆಕ್ಕು ಅಟ್ಟ ಹತ್ತಿ ಕೂತಿತು. ಸಂಜೆಯಾದರೂ ಇಳಿಯಲಿಲ್ಲ.

ಕೋಪ ಇಳಿದ ಮೇಲೆ ಅವನಿಗೆ ಕೆಡುಕೆನಿಸಿತು. ಅವನೇನೂ ಕೆಟ್ಟವನಲ್ಲ. ಬಟ್ಟಲಲ್ಲಿ ಹಾಲು ಹಿಡಿದು ಏಣಿ ಹತ್ತಿದ. "ತಪ್ಪಾತು ನಮ್ಮವ್ವಾ. ಸಿಟ್ಟಿನಾಗ ಅಂದಬಿಟ್ಟೆ. ನೀ ಇಲ್ದಿದ್ರ ಈ ಮನಿ ನಡೀತೈತೇನು? ಇಳಿದು ಬಾ" ಎಂದ. ಹೇಳುವಾಗ ಅವನ ಕಣ್ಣಲ್ಲಿ ನೀರು ಬಂತು, ಅದು ಸುಳ್ಳು ನೀರಲ್ಲ. ಬೆಕ್ಕು ಇಳಿದು ಬಂತು, ಹಾಲು ಕುಡಿಯಿತು, ಅವನ ಕಾಲಿಗೆ ಮೈ ಉಜ್ಜಿತು. ನೇಕಾರನ ಎದೆ ಹಗುರಾಯಿತು.

ಊಟಕ್ಕೆ ಕೂತಾಗ ಸಂತೋಷದಿಂದ ಅದನ್ನು ಹೆಂಡತಿಗೂ ಹೇಳಿದ. "ಎಷ್ಟ ದೊಡ್ಡ ಮನಸ ನೋಡ ಅದರದು. ಎಲ್ಲಾ ಮರೆತಬಿಡ್ತು."

ಅವಳು ರೊಟ್ಟಿ ಬಡಿಸುತ್ತ ಹೇಳಿದಳು. "ಅತ್ತಿ ಮ್ಯಾಲಿನ ಸಿಟ್ಟು ಕೊತ್ತಿ ಮ್ಯಾಲೆ ಅಂತಾರ. ನಮ್ಮ ಮನ್ಯಾಗ ತಪ್ಪಾತು ಅನ್ನೂ ಮಾತೂ ಕೊತ್ತಿಗೇ ಹೋತು."

ನೇಕಾರ ನಕ್ಕ. ಹೆಂಡತಿ ಚೇಷ್ಟೆ ಮಾಡಿದಳು ಎಂದುಕೊಂಡ. ಅವಳು ನಗಲಿಲ್ಲ ಎಂಬುದು ಕೈ ತೊಳೆಯುವಾಗ ಅವನ ಗಮನಕ್ಕೆ ಬಂತು.

ಮರುದಿನ ಬೆಳಿಗ್ಗೆ ಉಳಿದ ಎಳೆಗಳನ್ನು ಸರಿಪಡಿಸಲು ಕೂತ. ಕೋಪದಲ್ಲಿ ಕಾಣದೆ ಹೋದದ್ದು ಆಗ ಕಂಡಿತು. ಹೆಂಡತಿ ಕೆಚ್ಚಿದ ಕಡೆ ಒಂದು ಎಳೆಯೂ ಬಿಟ್ಟಿರಲಿಲ್ಲ. ಹರಿದದ್ದೆಲ್ಲ ಅಲ್ಲಿಂದ ಗೇಣಿನಾಚೆ, ಬರಿಯ ನೂಲಿನಲ್ಲಿ. ಬಗ್ಗಿ ಗುಣಿಯ ನೆಲ ಮುಟ್ಟಿ ನೋಡಿದ. ಬರೀ ಧೂಳು. ಒಣಗಾಳಿಯ ದಿನಗಳಲ್ಲಿ ಬೆಳಿಗ್ಗೆ ಎದ್ದವನೇ ಗುಣಿಗೆ ನೀರು ಚಿಮುಕಿಸಬೇಕು. ಆ ತಂಪು ಇಲ್ಲದಿದ್ದರೆ ಗಂಜಿಯ ನೂಲು ಹಪ್ಪಳದ ಹಾಗೆ ಮುರಿಯುತ್ತದೆ. ಆ ಕೇರಿಯಲ್ಲಿ ಇದು ಮಕ್ಕಳಿಗೂ ಗೊತ್ತು. ನೀರು ಹಾಕುವುದು ಅವನ ಕೆಲಸ. ಅವನು ಹಾಕಿರಲಿಲ್ಲ.

ಹಿತ್ತಲಿನಿಂದ ರಾಟೆಯ ಸದ್ದು ಕೇಳುತ್ತಿತ್ತು. ಹನ್ನೆರಡು ವರ್ಷ ಆ ಸದ್ದು ಅವನ ಮಗ್ಗದ ಪಕ್ಕದಲ್ಲೇ ಇತ್ತು. ನೇಕಾರ ಎದ್ದು ಹಿತ್ತಲ ಬಾಗಿಲವರೆಗೆ ಹೋದ. ಹೇಳಬೇಕಾದದ್ದು ಹೊಸ ಮಾತೇನಲ್ಲ, ನಿನ್ನೆ ಏಣಿಯ ಮೇಲೆ ನಿಂತು ಹೇಳಿದ ಮಾತೇ. ಬೆಕ್ಕಿನ ಮುಂದೆ ಸಲೀಸಾಗಿ ಬಂದದ್ದು ಹೆಂಡತಿಯ ಬೆನ್ನು ಕಂಡೊಡನೆ ಬಾಯಿಗೆ ಬರಲಿಲ್ಲ. ಯಾಕೆ ಹಾಗಂದೆ ಎಂದು ಬೆಕ್ಕು ಕೇಳುವುದಿಲ್ಲ. ಅವಳು ಕೇಳಬಹುದು. ಅವನು ತಿರುಗಿ ಬಂದು ಬೆಕ್ಕಿಗೆ ಇನ್ನಷ್ಟು ಹಾಲು ಹಾಕಿದ.

ಅದರ ಮರುದಿನವೂ ಬಾಗಿಲವರೆಗೆ ಹೋದ, ಬಂದ, ಹಾಲು ಹಾಕಿದ. ಒಂದು ತಿಂಗಳಲ್ಲಿ ಬೆಕ್ಕು ಕುಂಬಳಕಾಯಿಯಾಯಿತು. ಇಲಿಗಳಿಗೆ ಸುಗ್ಗಿ. ಹೆಂಡತಿ ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿಸುತ್ತಿದ್ದಳು, ಕಂಡಿಕೆಯ ಬುಟ್ಟಿ ತಂದಿಡುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ರಾಟೆಯನ್ನು ಮಾತ್ರ ಒಳಗೆ ತರಲಿಲ್ಲ.

ಗುರುಗಳು ಅಷ್ಟು ಹೇಳಿ ನಿಲ್ಲಿಸಿದರು.

ಕೊಬ್ಬಿದ ಬೆಕ್ಕನ್ನು ನೆನೆದು ಶಿಷ್ಯನಿಗೆ ನಗು ಬಂದಿತ್ತು. "ಪಾಪ, ಆ ತಾಯಿ. ಕೊನೆಗಾದರೂ ಅವನು ಅವಳಿಗೆ ಹೇಳಿದನೇ, ಗುರುಗಳೇ?" ಎಂದು ಕೇಳಿದ.

"ಅದಿರಲಿ, ಆ ದಿನ ಬೆಕ್ಕಿಗಿಂತ ಮೊದಲು ನೀನು ಬೈದದ್ದು ಯಾರನ್ನು?" ಎಂದರು ಗುರುಗಳು.

ಶಿಷ್ಯ ತಲೆ ತಗ್ಗಿಸಿ, "ಪಾತ್ರೆ ತೊಳೆಯುವ ಹುಡುಗನನ್ನು" ಎಂದ.