ಹಾಜರಿ ಪಟ್ಟಿಗೆ ಸೇರಿದ ಮಹನೀಯರು

ಶಾಲೆಯ ಕಂಪ್ಯೂಟರಿನೊಳಗೆ ಮಕ್ಕಳ ಹೆಸರು ಹೇಳುವ ಫಂಕ್ಷನ್ ಎಂಬ ಪುಟ್ಟ ಪ್ರೋಗ್ರಾಂ ಒಂದಿತ್ತು. ಅದು ಮೊದಲು ಪರದೆಯ ಮೇಲೆ "ಮಹನೀಯರೇ, ಸ್ವಲ್ಪ ಇತ್ತ ಕೇಳಿ!" ಎಂದು ಕೂಗಿ, ಆಮೇಲೆ ಹೆಸರುಗಳನ್ನು ಮನಬಂದಂತೆ ಉದುರಿಸುತ್ತಿತ್ತು.

"ಇನ್ನೊಮ್ಮೆ ಪಟ್ಟಿ ಕಲಸುಮೇಲೋಗರವಾದರೆ ನಿನ್ನನ್ನೇ ಅಳಿಸಿಬಿಡುತ್ತೇನೆ," ಎಂದರು ಸುಮಂಗಲಾ ಟೀಚರ್. ಒಂದರ ಮಾತನ್ನು ಇನ್ನೊಂದಕ್ಕೆ ಸಾಗಿಸುವ ಪೈಪನ್ನು ಅದರ ಬಾಯಿಗೆ ಜೋಡಿಸಿ, ಇನ್ನೊಂದು ತುದಿಯನ್ನು ಸಾರ್ಟ್ ಎಂಬ ಆಜ್ಞೆಗೆ ಕೊಟ್ಟರು. ಬಂದ ಸಾಲುಗಳನ್ನೆಲ್ಲ ಅಕಾರಾದಿಯಾಗಿ ಕೂರಿಸುವುದು ಸಾರ್ಟಿನ ಕೆಲಸ.

"ಅಕ್ಕಾ, ಇನ್ನು ನಿನ್ನ ಮಾತು ಪರದೆಗೆ ಹೋಗಲ್ಲ, ಪೂರ್ತಿ ನನ್ನೊಳಗೇ ಬೀಳುತ್ತೆ. ಹೆಸರಷ್ಟೇ ಹೇಳು. ಸಾರ್ಟಣ್ಣನಿಗೆ ಪೀಠಿಕೆ ಯಾವುದು, ಮಗು ಯಾವುದು ಗೊತ್ತಾಗಲ್ಲ," ಎಂದಿತು ಪೈಪು.

"ಪೀಠಿಕೆಯಿಲ್ಲದೆ ನಾನು ಬಾಯಿ ಬಿಟ್ಟದ್ದುಂಟೇನೋ?" ಎಂದು ಫಂಕ್ಷನ್ ಎಂದಿನಂತೆಯೇ ಕೂಗಿತು.

ತರಗತಿಯಲ್ಲಿ ಟೀಚರ್ ಸಾರ್ಟ್ ಕೊಟ್ಟ ಪಟ್ಟಿ ನೋಡಿಕೊಂಡು ಹಾಜರಿ ಕರೆದರು. "ಮಂದಾಕಿನಿ."

"ಬಂದಿದ್ದೀನಿ ಮಿಸ್."

"ಮಹನೀಯರೇ, ಸ್ವಲ್ಪ ಇತ್ತ ಕೇಳಿ," ಎಂದು ಟೀಚರ್ ಮುಂದಿನ ಸಾಲನ್ನೂ ಓದಿಬಿಟ್ಟರು.

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಟೀಚರ್ ನೆಟ್ಟಗೆ ಕಂಪ್ಯೂಟರಿನ ಬಳಿ ಬಂದು ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟರು.

"ಮಿಸ್, ಆ ಮಹನೀಯರು ನಾನೇ," ಎಂದಿತು ಫಂಕ್ಷನ್. "ಗೈರುಹಾಜರಿ ಹಾಕಿಬಿಡಿ. ಅವರು ಇದ್ದಾಗಲೂ ಶಾಲೆಗೆ ಏನೂ ಪ್ರಯೋಜನವಿರಲಿಲ್ಲ."

ಟೀಚರಿಗೆ ನಗು ತಡೆಯಲಿಲ್ಲ. ಫಂಕ್ಷನನ್ನು ಉಳಿಸಿ, ಪೀಠಿಕೆಯ ಆ ಒಂದು ಸಾಲನ್ನಷ್ಟೇ ಅಳಿಸಿದರು.