ಗುಳ್ಳೆ ನಿಂತ ಹೊತ್ತು

ಅಕ್ಕ ತೀರಿಹೋದ ವರ್ಷ ಗಿರಿಜಾಕ್ಷಿ ಕಡಲಿಗೆ ಬಂದಳು.

ಅಕ್ಕತಂಗಿಯರಿಬ್ಬರೂ ಮದುವೆಯಾಗದೆ ಒಂದೇ ಮನೆಯಲ್ಲಿ ಬಾಳಿದವರು. ಈಗ ಆ ಮನೆಯಲ್ಲಿ ತಟ್ಟೆ ಇಟ್ಟರೂ ಸದ್ದು, ಚಿಲಕ ಹಾಕಿದರೂ ಸದ್ದು. ಎಲ್ಲವೂ ತನ್ನೊಬ್ಬಳದೇ.

ಕಡಲ ತಳದಲ್ಲಿ ಏನೂ ಕೇಳಿಸುವುದಿಲ್ಲವೆಂದು ಯಾರೋ ಅಂದಿದ್ದರು. ಆ ಮಾತು ನಂಬಿ ಜಟ್ಟಪ್ಪನನ್ನು ಹುಡುಕಿಕೊಂಡು ಬಂದಿದ್ದಳು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೀರಿಗಿಳಿಯುವುದನ್ನು ಕಲಿಸುವ ಮುದುಕ ಆತ. ಕಲಿಯಲು ಬಂದವರೆಲ್ಲ ಗುರುಗಳೇ ಎನ್ನುತ್ತಿದ್ದರು.

ಸಿಲಿಂಡರಿನ ಆಕ್ಸಿಜನ್ ಎಷ್ಟು ಹೊತ್ತು ಬರುತ್ತದೆಂದು ಅವಳು ಕೇಳಿದಳು.

"ಅದು ಆಕ್ಸಿಜನ್ ಅಲ್ಲ ತಂಗಿ. ಬರೀ ಗಾಳಿ. ಈಗ ಇಲ್ಲಿ ಎಳೆದುಕೊಳ್ಳುತ್ತಿದ್ದೀಯಲ್ಲ, ಅದೇ."

"ಅಲ್ಲಿಗೂ ಇದೇ ಗಾಳಿಯೇ?"

"ಬೇರೆ ಎಲ್ಲಿಂದ ತರಲಿ?"

ದಡದ ತಿಳಿನೀರಿನಲ್ಲಿ ಕೆಲವು ದಿನ ಅಭ್ಯಾಸ ನಡೆಯಿತು. ಕೆಳಗೆ ಹೋದಾಗ ಉಸಿರು ಕಟ್ಟಲೇಬಾರದು ಎಂದು ಆತ ದಿನವೂ ಹೇಳುತ್ತಿದ್ದ. ಅವಳಿಗೆ ಸೋಜಿಗ. ಹೆಚ್ಚು ಹೊತ್ತು ಉಸಿರು ಕಟ್ಟಬಲ್ಲವನೇ ಮುಳುಗುಗಾರ ಎಂದುಕೊಂಡಿದ್ದಳು.

ಒಂದು ಬೆಳಿಗ್ಗೆ ದೋಣಿಯಿಂದ ಇಬ್ಬರೂ ಇಳಿದರು. ಜಟ್ಟಪ್ಪ ಮುಂದೆ, ಅವಳು ಹಿಂದೆ.

ಕೆಳಗೆ ಮೌನವಿರಲಿಲ್ಲ.

ಬಂಡೆಗಳ ಸಂದಿಯಿಂದ, ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ, ಚಟಪಟ ಸದ್ದು. ಅದಕ್ಕಿಂತ ಜೋರಾಗಿ ಅವಳದೇ ಉಸಿರು. ಎಳೆದರೆ ಸುಯ್ ಎನ್ನುತ್ತದೆ, ಬಿಟ್ಟರೆ ಬುಳಬುಳ. ಇಷ್ಟು ದೂರ ಬಂದರೂ ಜೊತೆಗಿದ್ದದ್ದು ತಾನು ಮಾತ್ರ.

ಒಂದು ಕ್ಷಣವಾದರೂ ಇದು ನಿಲ್ಲಲಿ ಎಂದು ಎದೆತುಂಬ ಗಾಳಿ ಎಳೆದುಕೊಂಡು ಬಿಗಿಹಿಡಿದಳು. ಮೈ ಹಗುರಾಯಿತು. ಮೆಲ್ಲಗೆ ಮೇಲಕ್ಕೇರತೊಡಗಿತು.

ಯಾರೋ ಕಾಲು ಹಿಡಿದರು. ಜಟ್ಟಪ್ಪ. ಕೆಳಗೆಳೆದು, ಮುಖದೆದುರು ಮುಖ ತಂದು, ತಾನು ಉಸಿರು ಬಿಟ್ಟು ತೋರಿಸಿದ. ಅವಳು ಬಿಡುವ ತನಕ ಹಿಡಿದ ಕೈ ಸಡಿಲಿಸಲಿಲ್ಲ.

ದೋಣಿಗೆ ಬಂದ ಮೇಲೆ ಬೈಯಲಿಲ್ಲ. ಕಟ್ಟಿಹಿಡಿದ ಗಾಳಿ, ಮೇಲೇರಿದ ಹಾಗೆಲ್ಲ ಒಳಗೇ ಹಿಗ್ಗುತ್ತದೆ, ಶ್ವಾಸಕೋಶ ಹರಿದುಹೋಗುತ್ತದೆ ಎಂದಷ್ಟೇ ಹೇಳಿದ.

ಗಿರಿಜಾಕ್ಷಿ ಟವೆಲ್ ಹೊದ್ದು ಕುಳಿತಳು.

"ಸದ್ದಿಲ್ಲದ ಜಾಗ ಬೇಕಿತ್ತು, ಗುರುಗಳೇ."

ಆತ ತಲೆಯಾಡಿಸಿದ.

"ನೀವು ಮುಂದೆ ಹೋಗುತ್ತಿದ್ದಿರಿ. ಉಸಿರು ಕಟ್ಟಿದ್ದು ಹೇಗೆ ತಿಳಿಯಿತು?"

"ನಿನ್ನ ಗುಳ್ಳೆಗಳ ಸದ್ದು ನಿಂತಿತು."

"ಅದು ನಿಮಗೆ ಕೇಳಿಸುತ್ತಿತ್ತೇ?"

"ಇಳಿದಾಗಿನಿಂದ ಅದನ್ನೇ ಕೇಳುತ್ತಿದ್ದೆ."

ಅವಳು ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡಳು. ತನಗೆ ಇನ್ನು ಕಲಿಯುವುದಾಗುವುದಿಲ್ಲ, ನಾಳೆ ಊರಿಗೆ ಹೊರಡುತ್ತೇನೆ ಎಂದಳು.

ಜಟ್ಟಪ್ಪ ದೋಣಿಯನ್ನು ದಡದ ಕಡೆ ತಿರುಗಿಸಿದ.

"ಯಾರದೋ ಬಲೆ ಬಂಡೆಗೆ ಸಿಕ್ಕಿಕೊಂಡಿದೆ. ನಾಳೆ ಬಿಡಿಸಲಿಕ್ಕೆ ಇಳಿಯುತ್ತೇನೆ. ನನ್ನ ಗುಳ್ಳೆ ಕೇಳಲಿಕ್ಕೆ ಯಾರೂ ಇಲ್ಲ, ತಂಗಿ."