ನವಿಲಿನ ರಜೆಗೆ ದಂಡೆ ತೆರವು

ನವಿಲೊಂದು ರಜೆಗೆ ಪರದೇಶದ ದ್ವೀಪವನ್ನು ಆರಿಸಿಕೊಂಡು, ಅಲ್ಲಿನ ಕಡಲಹಕ್ಕಿಗೆ ಹೇಳಿಕಳಿಸಿತು: "ಒಳ್ಳೆ ಬಿಸಿಲಿರಬೇಕು, ದಂಡೆ ಚೊಕ್ಕಟವಾಗಿರಬೇಕು, ಆಮೆಗಳನ್ನು ನೋಡಬೇಕು."

ಕಡಲಹಕ್ಕಿ ದಂಡೆಗೆ ಹೋದಾಗ ಬಸುರಿ ಆಮೆಯೊಂದು ಮರಳಲ್ಲಿ ಗುಂಡಿ ತೋಡುತ್ತಿತ್ತು.

"ಏಳಮ್ಮ, ಇಲ್ಲಿ ಅತಿಥಿಯ ಕುರ್ಚಿ ಹಾಕಬೇಕು."

"ನಾನು ಹುಟ್ಟಿದ್ದೇ ಈ ಮರಳಲ್ಲಿ. ಮೊಟ್ಟೆ ಇನ್ನೆಲ್ಲಿ ಇಡಲಪ್ಪ?"

"ನೀನು ಬುಕಿಂಗ್ ಮಾಡಿದ್ದೀಯಾ? ಅವರು ಮಾಡಿದ್ದಾರೆ."

"ಹುಟ್ಟಿದ ಜಾಗದಲ್ಲಿ ಹೆರೋದಕ್ಕೂ ಬುಕಿಂಗ್ ಬೇಕೇನೋ?"

ಕಡಲಹಕ್ಕಿ ಗುಂಡಿ ಮುಚ್ಚಿ ಕುರ್ಚಿ ಹಾಕಿತು. ಆಮೆ ಹೊಟ್ಟೆಯ ಮೊಟ್ಟೆಗಳೊಂದಿಗೆ ಕಡಲಿಗಿಳಿಯಿತು, ಮತ್ತೆ ಬರಲಿಲ್ಲ.

ನವಿಲು ಬಂದು, ಗರಿ ಹರಡಿಕೊಂಡು ಕೂತು, ಸುತ್ತ ನೋಡಿತು. "ಆಮೆ ಎಲ್ಲಯ್ಯಾ?"

"ಈಗ ಇಲ್ಲಿಗೆ ಬರುತ್ತಿಲ್ಲ, ಸ್ವಾಮಿ."

"ಥೂ, ಎಂಥ ದಂಡೆಯಯ್ಯಾ ಇದು! ಮುಂದಿನ ರಜೆಗೆ ಆಮೆ ಇರುವ ಬೇರೆ ದ್ವೀಪ ಹುಡುಕು."

ನವಿಲು ಏಳುತ್ತಲೇ ಕಡಲಹಕ್ಕಿ ಬೇರೆ ದ್ವೀಪ ಹುಡುಕಲು ಹೊರಟಿತು. ಕುರ್ಚಿಯನ್ನೂ ಹೊತ್ತುಕೊಂಡೇ ಹೋಯಿತು.